ತುಂಗತ್ತಿಗೆಯ ಏಳನೆಯ ಪದರ

ನನ್ನ ಅತ್ತಿಗೆ ತುಂಗಾ ಮಾಡುವ ಚಿತ್ರಗಳಲ್ಲಿ ಏನೂ ಇರುವುದಿಲ್ಲ. ಮರ ಇಲ್ಲ, ಮನೆ ಇಲ್ಲ, ಮುಖ ಇಲ್ಲ, ದೇವರಂತೂ ಇಲ್ಲವೇ ಇಲ್ಲ. ಐದು ವರ್ಷದಿಂದ ನಮ್ಮ ಮನೆಯಲ್ಲಿ ಈ ವಿಷಯವಾಗಿ ನಡೆದ ಚರ್ಚೆಯೆಲ್ಲ ಇಷ್ಟೇ: ‘ಏನೂ ಇಲ್ಲವಲ್ಲ’ ಎಂದು ಒಬ್ಬರು ಹೇಳುವುದು, ‘ಹೌದಲ್ಲ’ ಎಂದು ಇನ್ನೊಬ್ಬರು ಹೇಳುವುದು, ಆಮೇಲೆ ಎಲ್ಲರೂ ಕಾಫಿ ಕುಡಿಯುವುದು. ಈ ಚರ್ಚೆಯಲ್ಲಿ ನಾನೂ ಧಾರಾಳವಾಗಿ ಭಾಗವಹಿಸಿದ್ದೇನೆ. ಈಗ ಅವರ ಬಗ್ಗೆ ಬರೆಯಲು ಕೂತದ್ದು ಅಭಿಮಾನದಿಂದ ಎಂದು ಯಾರೂ ತಿಳಿಯಬೇಡಿ. ನಾನು ಮಾಡಿದ ಒಂದು ಕೆಲಸ ಎದೆಯ ಮೇಲೆ ಕೂತಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಉಡುಪಿ ಕಡೆಯಿಂದ ಬಂದ ಹೋಟೆಲಿನ ಮನೆ. ಚೆನ್ನೈಯ ವಡಪಳನಿಯಲ್ಲಿ ಅಪ್ಪ ಶುರು ಮಾಡಿದ ಹೋಟೆಲನ್ನು ಈಗ ಅಣ್ಣ ಸತ್ಯನಾರಾಯಣ ನಡೆಸುತ್ತಾನೆ. ನಾನು ಅವನ ತಮ್ಮ ಶ್ರೀಶ. ಸಾಮಾನು ತರುವುದು, ಇಡುವುದು, ಹಾಳಾದದ್ದನ್ನು ಎಸೆಯುವುದು ನನ್ನ ಕೆಲಸ. ಕೆಳಗೆ ಹೋಟೆಲು, ಮೇಲೆ ಮನೆ. ಹಿಂಭಾಗದಲ್ಲಿ, ಸರಿಯಾಗಿ ಅಡುಗೆಮನೆಯ ತಲೆಯ ಮೇಲೆ, ಈರುಳ್ಳಿ ಬಟಾಟೆ ಇಡಲು ಕಟ್ಟಿಸಿದ ಒಂದು ಕೋಣೆ. ಅತ್ತಿಗೆ ಕಾರ್ಕಳದಿಂದ ಮದುವೆಯಾಗಿ ಬಂದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಇಷ್ಟು ವರ್ಷ ಅವರು ಈ ಮನೆಯಲ್ಲಿ ಏನು ಮಾಡಿದರು ಎಂದು ಕೇಳಿದರೆ ನನಗೆ ಥಟ್ಟನೆ ಹೇಳಲು ಬರುವುದಿಲ್ಲ. ಎಲ್ಲವನ್ನೂ ಮಾಡಿದ್ದಾರೆ. ಎಲ್ಲವನ್ನೂ ಮಾಡುವವರು ಇಂಥದ್ದನ್ನು ಮಾಡಿದರು ಎಂದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಕೊರೊನಾ ಬಂದು ಹೋಟೆಲು ಮುಚ್ಚಿದಾಗ ಅಣ್ಣನ ಮಗಳು ವೀಕ್ಷಾ ಆನ್‌ಲೈನಿನಲ್ಲಿ ಒಂದು ಪೆಟ್ಟಿಗೆ ತರಿಸಿದಳು. ಒಂದು ಬಾಟಲಿಯಲ್ಲಿ ರೆಸಿನ್ ಎಂಬ ಜೇನಿನಂಥ ದ್ರವ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್. ಎರಡನ್ನೂ ತೂಗಿ ಬೆರೆಸಿ ಹೊಯ್ದರೆ ಒಂದು ದಿನದಲ್ಲಿ ಗಾಜಿನಂತೆ ಗಟ್ಟಿಯಾಗುತ್ತದೆ. ಅವಳು ಲೋಟ ಇಡುವ ನಾಲ್ಕು ಬಿಲ್ಲೆ ಮಾಡಿದಳು, ಬೇಜಾರು ಬಂತು, ಅಂಬತ್ತೂರಿನ ಆಫೀಸಿನ ಲ್ಯಾಪ್‌ಟಾಪಿಗೆ ಮರಳಿದಳು. ಉಳಿದ ಬಾಟಲಿಗಳನ್ನು ಎಸೆಯಲು ನನ್ನ ಕೈಗೆ ಕೊಟ್ಟಳು. ಅತ್ತಿಗೆ ಅವನ್ನು ನನ್ನಿಂದ ತೆಗೆದುಕೊಂಡು ಮೇಲಿನ ಕೋಣೆಗೆ ಹೋದರು. ವಾರದೊಳಗೆ ನನ್ನ ಈರುಳ್ಳಿ ಮೂಟೆಗಳು ಮೆಟ್ಟಿಲಿನ ಕೆಳಗೆ ಬಂದವು.

ಅವರ ಕೆಲಸದ ಕ್ರಮ ಹೀಗೆ. ಹಲಗೆಯ ಮೇಲೆ ಮೊದಲು ಒರಟಾಗಿ ಪ್ಲಾಸ್ಟರು. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಗೋಣಿಯ ನಾರೋ ಹರಿದ ಕಾಗದವೋ ಅಂಟಿಸಿ ಮೇಲೊಂದು ರೆಸಿನ್. ಅದು ಗಟ್ಟಿಯಾದ ಮೇಲೆ ಮತ್ತೆ ಬಣ್ಣ, ಮತ್ತೆ ಶಾಯಿ, ಮತ್ತೆ ರೆಸಿನ್. ಹೀಗೆ ಐದು, ಆರು, ಏಳು ಪದರ. ಕೊನೆಗೆ ನೋಡಿದರೆ ತಿಳಿನೀರಿನ ಕೆರೆಯೊಳಗೆ ಬಗ್ಗಿ ನೋಡಿದ ಹಾಗೆ ಒಂದರ ಕೆಳಗೊಂದು ಕಾಣಬೇಕು. ಮೊದಲ ಮೂರು ವರ್ಷ ಏನೂ ಕಾಣಲಿಲ್ಲ. ಮೇಲಿನದು ಪ್ರತಿ ಸಲವೂ ಮಜ್ಜಿಗೆಯಂತೆ ಬೆಳ್ಳಗಾಗುತ್ತಿತ್ತು.

ತಪ್ಪು ಅವರದಲ್ಲ, ಊರಿನದು. ಗಾಳಿಯಲ್ಲಿ ನೀರಿದ್ದರೆ ರೆಸಿನ್‌ಗೆ ಆಗುವುದಿಲ್ಲ, ಚೆನ್ನೈಯ ಗಾಳಿಯಲ್ಲಿ ನೀರಲ್ಲದೆ ಬೇರೇನೂ ಇರುವುದಿಲ್ಲ. ಸಾಲದ್ದಕ್ಕೆ ಕೆಳಗೆ ನಮ್ಮ ಅಡುಗೆಮನೆ. ಬೆಳಗಿನ ಜಾವದಿಂದ ಇಡ್ಲಿಯ ಹಬೆ, ಹನ್ನೊಂದರಿಂದ ಅನ್ನದ ಹಬೆ, ಮೂರರಿಂದ ಕಾಫಿಯ ಹಬೆ, ಎಲ್ಲವೂ ಕಿಟಕಿಯ ಹೊರಗಿನಿಂದ ಸೀದಾ ಅವರ ಕೋಣೆಗೆ. ಕಿಟಕಿ ಮುಚ್ಚಿದರೆ ಸೆಖೆಗೆ ರೆಸಿನ್ ಡಬ್ಬದಲ್ಲೇ ಕುದಿದು ಗಟ್ಟಿಯಾಗುತ್ತಿತ್ತು. ತೆರೆದರೆ ಧೂಳು, ಕೂದಲು, ಸೊಳ್ಳೆ. ಫ್ಯಾನು ಹಾಕಿದರೆ ಫ್ಯಾನಿನ ಮೇಲಿದ್ದ ಐದು ವರ್ಷದ ಕಸ. ಒಮ್ಮೆ ಎಲ್ಲ ಸರಿಹೋಗಿ, ಗಾಜಿನಂತೆ ಹೊಳೆಯುವ ಹಲಗೆಯ ನಟ್ಟನಡುವೆ ಒಂದು ಸೊಳ್ಳೆ ಆರು ಕಾಲನ್ನೂ ಚಾಚಿ ಶಾಶ್ವತವಾಗಿ ಕೂತಿತ್ತು. ಅತ್ತಿಗೆಗೆ ಸಿಟ್ಟು ಬಂದರೆ ಕೂಗುವುದಿಲ್ಲ, ಪಾತ್ರೆ ಕುಕ್ಕುವುದಿಲ್ಲ. ಎಲ್ಲ ಕೆಲಸವನ್ನೂ ಎರಡು ಪಟ್ಟು ವೇಗವಾಗಿ ಮಾಡುತ್ತಾರೆ. ಅದನ್ನು ನೋಡುವವರಿಗೆ ಹೆದರಿಕೆ ಆಗುತ್ತದೆ.

ಮನೆಯಲ್ಲಿ ಕೈಯಳತೆಗೆ ಉಪ್ಪು ಹಾಕುವ ಹೆಂಗಸು ಮೇಲೆ ಹೋಗಿ ಗ್ರಾಂ ಲೆಕ್ಕದಲ್ಲಿ ತೂಗುತ್ತಿದ್ದರು. ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಗುಳ್ಳೆಗಳನ್ನು ಬೆಂಕಿಯ ಜ್ವಾಲೆಯಿಂದ ಒಡೆಯಲು ಒಂದು ಸಣ್ಣ ಗ್ಯಾಸ್ ಟಾರ್ಚು, ಸವರಲು ಎರಡು ಸ್ಟೀಲ್ ಪಟ್ಟಿ, ಗಾಳಿಯ ತೇವ ತೋರಿಸುವ ಒಂದು ಮೀಟರು. ಮೀಟರು ನೋಡಿಯೇ ದಿನ ಶುರು. “ಎಂಬತ್ತೆರಡು” ಎಂದು ಗೊಣಗಿಕೊಂಡು ಕೆಳಗಿಳಿದು ಬಂದರೆಂದರೆ ಆ ದಿನ ಕೆಲಸ ಇಲ್ಲ ಎಂದರ್ಥ. ವಾಸನೆ ಬಂದಾಗಲೆಲ್ಲ ಅಣ್ಣ, “ಮಣಲಿಗೆ ಹೋಗುದೇ ಬೇಡ, ಅಲ್ಲಿಯ ಕೆಮಿಕಲ್ ಫ್ಯಾಕ್ಟರಿ ನಮ್ಮ ಮಾಳಿಗೆಗೇ ಬಂದಾಯ್ತು” ಎನ್ನುತ್ತಿದ್ದ. ನಾವು ನಗುತ್ತಿದ್ದೆವು.

ಹೇಗೋ ನಾಲ್ಕನೆಯ ವರ್ಷ ಚಿತ್ರಗಳು ತಿಳಿಯಾಗತೊಡಗಿದವು. ಆಗ ಬೇರೆ ಕಾಟ. ಬಂದವರೆಲ್ಲ ನೋಡಿ, “ಚೆಂದ ಉಂಟು ತುಂಗಾ, ಇದಕ್ಕೆ ನಡುವೆ ಒಂದು ತೂತು ತೆಗೆದು ಗಡಿಯಾರ ಮಾಡಿಕೊಡು” ಎನ್ನುತ್ತಿದ್ದರು. ಒಬ್ಬರಿಗೆ ಬಾಗಿಲಿಗೆ ಹೆಸರಿನ ಫಲಕ ಬೇಕು, ಇನ್ನೊಬ್ಬರಿಗೆ ಆರತಿ ತಟ್ಟೆ. ಮತ್ತೊಬ್ಬರು ಮಗಳ ಮದುವೆಯ ಹಾರವನ್ನೇ ಹೊತ್ತು ತಂದು, ಬಾಡದ ಹಾಗೆ ಇದರೊಳಗೆ ಹಾಕಿಕೊಡು ಎಂದರು. ನಮ್ಮ ದೊಡ್ಡ ಮಾವ ಒಂದು ಹಲಗೆಯನ್ನು ಕಾಲು ಗಂಟೆ ತಿರುಗಿಸಿ ತಿರುಗಿಸಿ ನೋಡಿ ಅದರಲ್ಲಿ ಗಣಪತಿಯನ್ನು ಕಂಡುಹಿಡಿದರು. ಸೊಂಡಿಲು ಎಲ್ಲಿದೆ ಎಂದು ಎಲ್ಲರಿಗೂ ತೋರಿಸಿಕೊಟ್ಟರು. ಅತ್ತಿಗೆ ಮರುದಿನ ಆ ಸೊಂಡಿಲಿನ ಮೇಲೆ ಕಪ್ಪು ಬಣ್ಣ ಹೊಡೆದರು. “ಅದು ಏನೂ ಅಲ್ಲ ಅಂತ ನಾನೇ ಹೇಳುವಾಗ ಇವರಿಗೆಲ್ಲ ಎಂತ ತೊಂದರೆ?” ಎಂದು ನನ್ನನ್ನು ಕೇಳಿದರು. ನನಗೂ ಅದೇ ತೊಂದರೆ ಇತ್ತು, ಹೇಳಲಿಲ್ಲ.

ಹೋದ ವರ್ಷದ ಆಯುಧಪೂಜೆಯ ಹಿಂದಿನ ದಿನ ಅವರು ಒಂದು ಮಾತು ಹೇಳಿದ್ದರು. ಕೆಲಸದವರಿಗೆ ಕೊಡುವ ಮಂಡಕ್ಕಿ, ಕಡಲೆಯ ಪೊಟ್ಟಣಗಳನ್ನು ನಾವಿಬ್ಬರೂ ಕಟ್ಟುತ್ತಿದ್ದೆವು. ನಮ್ಮಲ್ಲಿ ಆ ದಿನ ಗ್ರೈಂಡರಿನಿಂದ ಹಿಡಿದು ತರಕಾರಿ ಹೆಚ್ಚುವ ಚೂರಿಯವರೆಗೆ ಎಲ್ಲಕ್ಕೂ ಗಂಧ, ಕುಂಕುಮ, ಹೂ. ಅಣ್ಣನ ಸ್ಕೂಟರು, ವೀಕ್ಷಾಳ ಲ್ಯಾಪ್‌ಟಾಪು, ಕೊನೆಗೆ ಇಲಿ ಹಿಡಿಯುವ ಬೋನಿಗೂ. “ಇಲಿಬೋನಿಗೂ ಕುಂಕುಮ ಇಡ್ತೀರಿ. ನನ್ನ ಒಂದು ಪಟ್ಟಿ, ಒಂದು ಟಾರ್ಚು ಯಾರ ಕಣ್ಣಿಗೂ ಬೀಳ್ಲಿಲ್ಲ ನೋಡು” ಎಂದರು. ದಾರ ಹಲ್ಲಿನಲ್ಲಿ ಕಡಿದು ಮುಂದಿನ ಪೊಟ್ಟಣಕ್ಕೆ ಕೈ ಹಾಕಿದರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಉಳಿಯದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಈ ವರ್ಷ ನಂದಿತಾ ಎಂಬವರು ಮನೆಗೆ ಬಂದರು. ವೀಕ್ಷಾಳ ಆಫೀಸಿನ ಗೆಳತಿಯ ಅಕ್ಕ, ಸಣ್ಣದೊಂದು ಗ್ಯಾಲರಿ ನಡೆಸುವವರು. ಕೋಣೆಯಲ್ಲಿ ಒಂದು ಗಂಟೆ ನಿಂತು ನೋಡಿದರು. ಗಡಿಯಾರ ಕೇಳಲಿಲ್ಲ. ನವರಾತ್ರಿ ಕಳೆದ ಮೇಲೆ ಹೊಸಬರ ಒಂದು ಪ್ರದರ್ಶನ ಇದೆ, ಈಗ ಮಾಡುತ್ತಿರುವ ದೊಡ್ಡ ಹಲಗೆ ಮುಗಿದರೆ ಅದನ್ನೇ ಇಡುತ್ತೇನೆ, ವಿಜಯದಶಮಿಯ ಮರುದಿನ ವ್ಯಾನು ಕಳಿಸುತ್ತೇನೆ ಎಂದರು. ನಾಲ್ಕಡಿ ಉದ್ದ, ಮೂರಡಿ ಅಗಲದ ಆ ಹಲಗೆಯಲ್ಲಿ ಆಗ ಮೂರು ಪದರ ಆಗಿದ್ದವು. ಅತ್ತಿಗೆ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: ಗೋಡೆಯ ಮೇಲೆ ಹೆಸರು ಹಾಕುತ್ತೀರಾ? ಹಾಕುತ್ತೇವೆ ಎಂದರು. ಆ ದಿನದಿಂದ ಅತ್ತಿಗೆಗೆ ಬೇರೆ ಧ್ಯಾನವಿಲ್ಲ. ಐವತ್ತನಾಲ್ಕು ವರ್ಷದಲ್ಲಿ ಅವರ ಹೆಸರು ಬರೆದಿದ್ದದ್ದು ಮದುವೆಯ ಕಾಗದದಲ್ಲಿ, ರೇಷನ್ ಕಾರ್ಡಿನಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ. ತಾನು ಮಾಡಿದ ಒಂದರ ಪಕ್ಕದಲ್ಲಿ ಹೆಸರು ಬೇಕು ಎಂದು ಅವರಿಗೆ ಎಷ್ಟು ಆಸೆಯಿತ್ತು ಎಂದು ನನಗೆ ಆಗ ತಿಳಿದಿರಲಿಲ್ಲ. ಈಗ ತಿಳಿದಿದೆ.

ಆರು ಪದರ ಮುಗಿಯಿತು. ಉಳಿದದ್ದು ಏಳನೆಯದು, ಬಣ್ಣವಿಲ್ಲದ ತಿಳಿ ರೆಸಿನ್. ಅದು ಕೆಟ್ಟರೆ ಕೆಳಗಿನ ಆರೂ ಇದ್ದೂ ಇಲ್ಲದ ಹಾಗೆ. ಆಯುಧಪೂಜೆಗೆ ಮುಂಚಿನ ಐದು ದಿನ ಎಡೆಬಿಡದೆ ಮಳೆ. ಮೀಟರು ತೊಂಬತ್ತರಿಂದ ಇಳಿಯಲಿಲ್ಲ. ಅತ್ತಿಗೆ ಮೆಟ್ಟಿಲು ಹತ್ತುತ್ತಿದ್ದರು, ನೋಡುತ್ತಿದ್ದರು, ಇಳಿಯುತ್ತಿದ್ದರು. ಪೂಜೆಯ ದಿನ ಬೆಳಿಗ್ಗೆ ಬಿಸಿಲು ಬಂತು. ವರ್ಷದಲ್ಲಿ ಆ ಒಂದು ದಿನ ಮಾತ್ರ ನಾವು ಮಧ್ಯಾಹ್ನದಿಂದ ಅಡುಗೆಮನೆ ನಿಲ್ಲಿಸಿ ತೊಳೆಯುತ್ತೇವೆ. ಹಬೆ ಇಲ್ಲ, ಮಳೆ ಇಲ್ಲ. ಮೀಟರು ಐವತ್ತೆಂಟಕ್ಕೆ ಇಳಿದಾಗ, ಹನ್ನೆರಡೂವರೆಗೆ, ಅವರು ಹೊಯ್ದರು. ಗುಳ್ಳೆ ಒಡೆದರು. ಸೊಳ್ಳೆಪರದೆಯ ಗುಡಾರ ಮುಚ್ಚಿದರು. ಕೆಳಗೆ ಬಂದು ಅಣ್ಣನಿಗೆ, “ಇವತ್ತು ಮೇಲೆ ಯಾರೂ ಹೋಗುದು ಬೇಡ” ಎಂದು ಹೇಳಿ ಪೊಟ್ಟಣ ಕಟ್ಟಲು ಕೂತರು. ಅಣ್ಣ ಫೋನಿನಲ್ಲಿದ್ದ. ಹೂಂ ಎಂದ. ಯಾರಿಗೂ ಹೇಳಲಿಲ್ಲ.

ನಾನು ಬೂದುಗುಂಬಳಕಾಯಿ, ಬಾಳೆಕಂದು ಹೊತ್ತುಕೊಂಡು ಕೋಯಂಬೇಡಿನ ಮಾರುಕಟ್ಟೆಯಿಂದ ಬಂದದ್ದು ಮೂರೂವರೆಗೆ. ಪೂಜೆ ನಾಲ್ಕೂವರೆಗೆ. ಎಲ್ಲ ಜೋಡಿಸುವಾಗ ಹೋದ ವರ್ಷದ ಮಾತು ನೆನಪಾಯಿತು. ಈ ಸಲ ಅತ್ತಿಗೆಗೆ ಗೊತ್ತಿಲ್ಲದ ಹಾಗೆ ಅವರ ಸಾಮಾನನ್ನೂ ಇಟ್ಟು ಸಂತೋಷ ಕೊಡಬೇಕು ಎನ್ನಿಸಿತು. ಗಂಧ, ಕುಂಕುಮ, ಹೂವಿನ ತಟ್ಟೆ ಹಿಡಿದು ಮೇಲೆ ಹೋದೆ. ತಕ್ಕಡಿ, ಟಾರ್ಚು, ಪಟ್ಟಿಗಳು, ಎರಡು ಬಾಟಲಿ, ಎಲ್ಲವನ್ನೂ ಬುಟ್ಟಿಗೆ ಹಾಕಿದೆ. ಹಲಗೆಯನ್ನು ಕೆಳಗೆ ತರುವುದು ಕಷ್ಟ, ಇದ್ದಲ್ಲಿಯೇ ಪೂಜೆ ಆಗಲಿ ಎಂದು ಸೊಳ್ಳೆಪರದೆ ಎತ್ತಿದೆ.

ಹಲಗೆ ಹೊಳೆಯುತ್ತಿತ್ತು. ಅವರ ಎಲ್ಲ ಚಿತ್ರಗಳೂ ಹೊಳೆಯುತ್ತವೆ. ಒಣಗಿದ ಮೇಲೂ ಒದ್ದೆಯಂತೆ ಕಾಣುವುದು ಆ ವಸ್ತುವಿನ ಗುಣ, ನನ್ನಂಥವನಿಗೆ ವ್ಯತ್ಯಾಸ ಹೇಗೆ ತಿಳಿಯಬೇಕು? ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಒಟ್ಟು ಐದು ಕಡೆ ಗಂಧ ಹಚ್ಚಿ ಕುಂಕುಮ ಒತ್ತಿದೆ. ಮೊದಲನೆಯದು ಒತ್ತುವಾಗಲೇ ಬೆರಳು ಕೊಂಚ ಒಳಗೆ ಹೋಯಿತು. ಹೊಸ ವಸ್ತು, ಮೆತ್ತಗಿರಬೇಕು ಎಂದುಕೊಂಡು ಉಳಿದ ನಾಲ್ಕನ್ನೂ ಒತ್ತಿದೆ. ಈಗ ಯೋಚಿಸಿದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನ್ನಿಸುತ್ತದೆ. ಅಷ್ಟಕ್ಕೆ ಬಿಡಲಿಲ್ಲ. ನಾಲ್ಕು ಸೇವಂತಿಗೆ ಎಸಳು ಹಾಕಿದೆ, ಅಕ್ಷತೆ ಹಾಕಿದೆ, ಮಾವಿನೆಲೆಯಿಂದ ನೀರನ್ನೂ ಪ್ರೋಕ್ಷಿಸಿದೆ. ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಪೂಜೆಗೆ ಎಲ್ಲರೂ ಸೇರಿದರು. ಎಂಬತ್ತು ದಾಟಿದ ನಮ್ಮ ಅಮ್ಮ ಚಂದ್ರಮತಿ ಮಣೆ ಹಾಕಿಸಿಕೊಂಡು ಮುಂದೆ ಕೂತರು, ಹಿಂದೆ ಇಪ್ಪತ್ತು ಜನ ಕೆಲಸದವರು. ಅಣ್ಣ ಮಂಗಳಾರತಿ ಎತ್ತಿದಾಗ ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತರು. ಗ್ರೈಂಡರಿನ ಪಕ್ಕದಲ್ಲಿ ಹೂ ಮುಡಿದುಕೊಂಡಿದ್ದ ತಮ್ಮ ಟಾರ್ಚನ್ನು ನೋಡಿದರು. ಅವರ ಮುಖ ಅರಳಿತು. ನಿಜವಾಗಿ ಅರಳಿತು, ನಾನು ನೋಡಿದ್ದೇನೆ. ನನ್ನ ಕಡೆ ತಿರುಗಿ ನಕ್ಕರು. ಆಮೇಲೆ ನಗು ಹಾಗೇ ನಿಂತಿತು.

“ಶ್ರೀಶ, ಮೇಲೆ ಹೋಗಿದ್ದೆಯಾ?”

“ಹೌದು ಅತ್ತಿಗೆ. ನಿಮ್ಮ ಚಿತ್ರಕ್ಕೂ ಗಂಧ, ಕುಂಕುಮ ಆಯ್ತು” ಎಂದೆ, ಬಹುಮಾನ ನಿರೀಕ್ಷಿಸುವವನ ಹಾಗೆ.

ಅವರು ಮಂಗಳಾರತಿಗೆ ಕೈ ಚಾಚಲಿಲ್ಲ. ಮೆಟ್ಟಿಲಿನ ಕಡೆ ನಡೆದರು. ಐದು ನಿಮಿಷದಲ್ಲಿ ಇಳಿದು ಬಂದರು. ಬೆರಳಿಗೆ ಒಂದು ಸೇವಂತಿಗೆ ಎಸಳು ಅಂಟಿತ್ತು. ಸೀದಾ ಅಮ್ಮನ ಎದುರು ನಿಂತರು.

“ಅತ್ತೆ, ನನಗೆ ಆ ತಕ್ಕಡಿ, ಬಾಟಲಿ, ಟಾರ್ಚು ಬೇಕು. ಈಗಲೇ ಬೇಕು.”

ಅಮ್ಮ ತಲೆ ಎತ್ತಿ ನೋಡಿದರು. “ಪೂಜೆಗೆ ಇಟ್ಟದ್ದನ್ನು ಇವತ್ತು ಎತ್ಲಿಕ್ಕಿಲ್ಲ ತುಂಗಾ. ನಾಳೆ ಬೆಳಿಗ್ಗೆ ಮರುಪೂಜೆ ಆದ ಮೇಲೆ ತಗೊ.”

“ನಾಳೆಗೆ ಅದು ಕಲ್ಲಾಗ್ತದೆ. ಈಗ ಇನ್ನೂ ಮೆತ್ತಗುಂಟು. ಕುಂಕುಮ ಕೆರೆದು ತೆಗೆದು ಮೇಲೊಂದು ತೆಳುವಾಗಿ ಹೊಯ್ದರೆ ಸೇರಿಕೊಳ್ತದೆ. ಒಂದು ಗಂಟೆಯೊಳಗೆ ಆಗಬೇಕು.”

“ಶಾಸ್ತ್ರ ಅಂತ ಒಂದು ಉಂಟಲ್ಲ ಮಗಾ.”

ಆಗ ಅಡುಗೆಮನೆಯಲ್ಲಿ ಒಲೆ ಬುಸ್ಸೆಂದು ಹೊತ್ತಿಕೊಂಡಿತು. ಗ್ರೈಂಡರು, ಹಣೆಯ ಮೇಲೆ ಕುಂಕುಮ ಇಟ್ಟುಕೊಂಡೇ, ಗರಗರ ತಿರುಗತೊಡಗಿತು. ಐದೂವರೆಗೆ ಹೋಟೆಲು ತೆರೆಯಬೇಕು. ರಜೆಯ ದಿನ, ಹೊರಗೆ ಆಗಲೇ ಜನ ನಿಂತಿದ್ದರು. ಪ್ರತಿ ವರ್ಷವೂ ಹಾಗೆಯೇ ನಡೆಯುವುದು, ಇದುವರೆಗೆ ಅದು ನಮ್ಮಲ್ಲಿ ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ.

ಅತ್ತಿಗೆ ಅಣ್ಣನ ಕಡೆ ತಿರುಗಿದರು. “ಆ ಗ್ರೈಂಡರಿಗೆ ಪೂಜೆ ಆಗಿ ಹತ್ತು ನಿಮಿಷ ಆಗ್ಲಿಲ್ಲ. ಅದು ತಿರುಗಬಹುದಾ?”

“ಅದು ಹೊಟ್ಟೆಪಾಡಿದ್ದು ಮಾರಾಯ್ತಿ. ಜನ ಕಾಯ್ತಾ ಇದ್ದಾರೆ. ಇದು ಹಾಗಲ್ಲ.”

“ಇದು ಹೇಗೆ?”

ಅಣ್ಣ ಹೊರಗೆ ನಿಂತ ಜನರ ಕಡೆ ಕೈ ತೋರಿಸಿದ. ಕೆಟ್ಟ ಮನುಷ್ಯ ಅಲ್ಲ ಅವನು, ಅವನ ಲೆಕ್ಕ ಅಷ್ಟೇ. ಉಳಿದ ಕೆಲಸದವರು ಪೊಟ್ಟಣಕ್ಕಾಗಿ ಸಾಲಿನಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಅತ್ತಿಗೆ ತಾವೇ ಬಗ್ಗಿ ಎತ್ತಿಕೊಳ್ಳಬಹುದಿತ್ತು ಎಂದು ನಿಮಗೆ ಅನ್ನಿಸಬಹುದು. ಅತ್ತೆಯ ಕಣ್ಣೆದುರು, ಹಬ್ಬದ ದಿನ, ಇಪ್ಪತ್ತು ಜನರ ಮುಂದೆ ದೇವರ ಪೀಠಕ್ಕೆ ಕೈ ಹಾಕುವುದು ಎಷ್ಟು ದೂರದ ಮಾತು ಎಂದು ನಮ್ಮಂಥ ಮನೆಗಳಲ್ಲಿ ಬೆಳೆದವರಿಗೆ ಗೊತ್ತು. ಆದರೆ ತಕ್ಕಡಿ ಇದ್ದದ್ದು ನನ್ನ ಕಾಲಿನ ಹತ್ತಿರ. ನಾನು ಎತ್ತಿಕೊಡಬಹುದಿತ್ತು. ಮನೆಯ ಕಿರಿಮಗ, ಅಮ್ಮ ನಾಲ್ಕು ಮಾತು ಬೈದು ಮರೆಯುತ್ತಿದ್ದರು. ಅತ್ತಿಗೆ ನನ್ನನ್ನೊಮ್ಮೆ ನೋಡಿದರು ಕೂಡ. ನಾನು ನೆಲ ನೋಡಿದೆ. ಹೆದರಿಕೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ಅದು ಪೂರ್ತಿ ನಿಜವಲ್ಲ. ಸಾಂಬಾರಿಗೂ ಇದಕ್ಕೂ ಒಂದೇ ತೂಕ ಎಂದು ನನಗೂ ಒಳಗಿನಿಂದ ಅನ್ನಿಸಿರಲಿಲ್ಲ.

ಅವರು ಒಳಗೆ ಹೋಗಿ ಉಳಿದ ಪೊಟ್ಟಣಗಳನ್ನು ತಂದು ಒಬ್ಬೊಬ್ಬರಿಗೂ ಹಂಚಿದರು. ಎರಡು ಪಟ್ಟು ವೇಗದಲ್ಲಿ.

ಮರುದಿನ ಬೆಳಿಗ್ಗೆ ಮರುಪೂಜೆ ಆಗಿ, ನಾನೇ ಬುಟ್ಟಿ ಹೊತ್ತು ಮೇಲೆ ಹೋದೆ. ಹಲಗೆ ಕಲ್ಲಾಗಿತ್ತು. ಐದು ಕಡೆ ಕುಂಕುಮ ಬಣ್ಣ ಬಿಟ್ಟುಕೊಂಡು ಇಳಿದಿತ್ತು. ಗಂಧದ ಸುತ್ತ ಬಿಳಿ ಮಂಜು, ನೀರು ಬಿದ್ದಲ್ಲೆಲ್ಲ ಸಿಡುಬಿನ ಕಲೆಯಂಥ ಗುಳಿ. ಅಕ್ಷತೆಯ ಕಾಳುಗಳು ನೆಟ್ಟ ಹಾಗೆ ನಿಂತಿದ್ದವು. “ಅತ್ತಿಗೆ, ನನ್ನದು ತಪ್ಪಾಯ್ತು” ಎಂದೆ. “ಆಯ್ತು” ಎಂದರು. ತಪ್ಪು ಆಯಿತು ಎಂದೋ, ಬಿಟ್ಟುಬಿಡು ಎಂದೋ ನಾನು ಕೇಳಲಿಲ್ಲ.

ಅದರ ಮರುದಿನ ಹನ್ನೊಂದಕ್ಕೆ ವ್ಯಾನಿನ ಜೊತೆ ನಂದಿತಾ ಬಂದರು. ಅತ್ತಿಗೆ ಪರದೆ ಎತ್ತಿ ತೋರಿಸಿದರು. ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು, ಅಪರಾಧಿಗಳ ಹಾಗೆ. ನಂದಿತಾ ಬಗ್ಗಿ ನೋಡಿದರು, ದೂರ ಹೋಗಿ ನೋಡಿದರು, ಫೋಟೋ ತೆಗೆದುಕೊಂಡರು. ಆಮೇಲೆ ತಮಿಳಿನಲ್ಲಿ ಹೇಳಿದರು: “ಆಂಟಿ, ಇದು ರೊಂಬ ಪವರ್‌ಫುಲ್ಲಾ ಇರುಕ್ಕು. ಅಪ್ಪಡಿಯೇ ಕುಡುತ್ತಿಡುಂಗ.” ಬಹಳ ಶಕ್ತಿಯಿದೆ, ಹೀಗೆಯೇ ಕೊಟ್ಟುಬಿಡಿ. ಅಡುಗೆಮನೆಯ ಮೇಲೆ ಕೆಲಸ ಮಾಡುವ ಹೆಂಗಸು, ಆಯುಧಪೂಜೆ, ಕುಂಕುಮ, ಬಂದವರೆಲ್ಲ ನಿಂತು ನೋಡುತ್ತಾರೆ ಎಂದರು. ಚಿತ್ರದ ಪಕ್ಕದಲ್ಲಿ ಏನು ಬರೆಯಬೇಕೆಂದು ಆಗಲೇ ಅವರ ತಲೆಯಲ್ಲಿ ತಯಾರಾಗುತ್ತಿತ್ತು.

ನನಗೆ ಹೋದ ಜೀವ ಬಂದ ಹಾಗಾಯಿತು. ಅಣ್ಣ ಜೋರಾಗಿ ಉಸಿರು ಬಿಟ್ಟ. “ನೋಡಿದ್ಯಾ, ದೇವರು ಕೈಬಿಡ್ಲಿಲ್ಲ” ಎಂದು ಅಮ್ಮ ಕೆಳಗಿನ ಮೆಟ್ಟಿಲಿನಿಂದಲೇ ಹೇಳಿದರು. ವೀಕ್ಷಾ ಮಾತ್ರ, “ಅಮ್ಮಾ, ಉಂಗ ಇಷ್ಟಂ” ಎಂದು ತಮಿಳಿನಲ್ಲೇ ಹೇಳಿದಳು. ನಿನ್ನ ಇಷ್ಟ ಎನ್ನುವ ಮಾತನ್ನು ಆ ಕೋಣೆಯಲ್ಲಿ ಹೇಳಿದವಳು ಅವಳೊಬ್ಬಳೇ.

“ಅದು ಎನ್ ಕೊಳುಂದನ್ ವೆಚ್ಚದು” ಎಂದರು ಅತ್ತಿಗೆ. ಅದು ನನ್ನ ಮೈದುನ ಇಟ್ಟದ್ದು.

ನಂದಿತಾ ನಕ್ಕರು. ಅದರಿಂದೇನು, ಎಷ್ಟೋ ಕಲಾವಿದರು ಇಂಥ ಆಕಸ್ಮಿಕಕ್ಕಾಗಿ ಕಾಯುತ್ತಾರೆ ಎಂದರು.

“ನಾನು ಕಾಯ್ಲಿಲ್ಲ” ಎಂದು ಅತ್ತಿಗೆ ಕನ್ನಡದಲ್ಲಿ ಹೇಳಿದರು. ಮತ್ತೆ ತಮಿಳಿಗೆ ತಿರುಗಿ, ಕ್ಷಮಿಸಿ, ಇದನ್ನು ಕೊಡುವುದಿಲ್ಲ ಎಂದರು.

ಅಣ್ಣನಿಗೆ ತಡೆಯಲಾಗಲಿಲ್ಲ. “ತುಂಗಾ, ಹಟ ಮಾಡ್ಬೇಡ. ಐದು ವರ್ಷ ಕಾದದ್ದು ಇದಕ್ಕೇ ಅಲ್ವಾ? ನಿನ್ನ ಹೆಸರು ಹಾಕ್ತಾರಂತೆ.”

“ಯಾವುದಕ್ಕೆ ಹಾಕುದು? ಬಂದವರು ನೋಡುದು ಆ ಕುಂಕುಮ. ಕೆಳಗೆ ಎಂಟು ತಿಂಗಳು ನಾನು ಮಾಡಿದ್ದು ಅದಕ್ಕೆ ಮಣೆ ಆಗ್ತದೆ ಅಷ್ಟೆ. ಅದರ ಪಕ್ಕ ತುಂಗಾ ಅಂತ ಬರೆದ್ರೆ ನನಗೆ ನಾಚಿಕೆ.” ಪರದೆಯನ್ನು ಮತ್ತೆ ಇಳಿಸಿದರು. “ನನಗೂ ಅಳು ಬರ್ತದೆ. ಆದ್ರೂ ಕೊಡುದಿಲ್ಲ.”

ವ್ಯಾನು ಖಾಲಿ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಣ್ಣ ಇಡೀ ದಿನ ಹೇಳಿಕೊಂಡು ತಿರುಗಿದ. ನನಗೆ ಅತ್ತಿಗೆಯ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ನನ್ನ ತಪ್ಪನ್ನು ಅಳಿಸಿಹಾಕಲು ಅಷ್ಟು ಒಳ್ಳೆಯ ಅವಕಾಶವನ್ನು ಅವರು ತಿರಸ್ಕರಿಸಿದ್ದರು.

ಪ್ರದರ್ಶನ ಶುರುವಾದ ದಿನ ಮಧ್ಯಾಹ್ನ ಮೇಲಿನಿಂದ ಕರಕರ ಸದ್ದು ಬಂತು. ಹೋಗಿ ನೋಡಿದರೆ ಅತ್ತಿಗೆ ಮೂಗಿಗೆ ಮುಸುಕು ಕಟ್ಟಿಕೊಂಡು, ನೀರು ಹಾಕಿಕೊಂಡು, ಸ್ಯಾಂಡ್ ಪೇಪರಿನಿಂದ ಏಳನೆಯ ಪದರವನ್ನು ಉಜ್ಜುತ್ತಿದ್ದರು. ಬೆಳ್ಳನೆಯ ಕೆಸರು ಮೊಣಕೈವರೆಗೆ. “ಕೊಡಿ ಅತ್ತಿಗೆ” ಎಂದೆ. ಕೊಡುವುದಿಲ್ಲ ಎಂದುಕೊಂಡಿದ್ದೆ, ಕೊಟ್ಟರು. ಇನ್ನೊಂದು ಮುಸುಕನ್ನೂ ಕೊಟ್ಟರು.

ಆರು ಮಧ್ಯಾಹ್ನ ಉಜ್ಜಿದೆವು. ಊಟದ ಹೊತ್ತು ಮುಗಿದು ಸ್ಟೋರಿನ ಬಾಗಿಲು ಹಾಕಿ ಬರುವುದು, ಎರಡು ಗಂಟೆ ಉಜ್ಜುವುದು. ಅಷ್ಟು ಗಟ್ಟಿ ವಸ್ತು ಎಂದು ನನಗೆ ತಿಳಿದಿರಲಿಲ್ಲ. ಭುಜ ಸೋತು ಹೋಗುತ್ತಿತ್ತು. ಮಾತಿಲ್ಲದೆ ಆಗದ ಮನುಷ್ಯ ನಾನು, ಎರಡನೆಯ ದಿನ ಕೇಳಿದೆ, ಇದರೊಳಗೆ ಏನೇನಿದೆ ಎಂದು. ಐದು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಅವರು ಬೆರಳಿಟ್ಟು ತೋರಿಸಿದರು. ಎರಡನೆಯದರಲ್ಲಿ ಡಿಕಾಕ್ಷನ್ ಸೋಸಿ ಸೋಸಿ ಕಂದಿದ ಬಟ್ಟೆ. ಮೂರನೆಯದರಲ್ಲಿ ತೆಂಗಿನ ಕರಟದ ಮಸಿ. ಆರನೆಯದರಲ್ಲಿ ಒಂದು ನೀಲಿ, ಶಾಯಿ ಹನಿಸಿ ಊದಿ ಹರಡಿದ್ದು. ಬೇರೆ ಚೂರುಗಳ ಮೇಲೆ ನಲವತ್ತು ಸಲ ಮಾಡಿ ನೋಡಿದರಂತೆ, ಒಂದೂ ಸರಿಯಾಗಲಿಲ್ಲವಂತೆ. ಹಲಗೆಯ ಮೇಲೆ ಹೊಯ್ದ ದಿನ ಮಾತ್ರ ತಾನಾಗಿ ಬಂತಂತೆ. ಅದು ಹೇಗೆ ಬಂತೆಂದು ಈಗಲೂ ತಿಳಿಯದು, ಇನ್ನೊಮ್ಮೆ ಮಾಡು ಎಂದರೆ ಆಗದು ಎಂದರು. ನಾನು ಆ ನೀಲಿಯನ್ನು ನೋಡಿದೆ. ಅದು ಏನೂ ಆಗಿರಲಿಲ್ಲ. ಆದರೂ ನೋಡುತ್ತಲೇ ಇದ್ದೆ.

ಮೂಲೆಯ ನಾಲ್ಕು ಕುಂಕುಮವೂ ಹೋದವು. ಅಕ್ಷತೆ ಹೋಯಿತು, ಗುಳಿಗಳು ಹೋದವು. ಆರನೆಯ ದಿನ ಉಳಿದದ್ದು ನಡುವಿನದು. ಅಲ್ಲಿ ನಾನು ಎಲ್ಲಕ್ಕಿಂತ ಭಕ್ತಿಯಿಂದ ಒತ್ತಿದ್ದೆ. ಕೆಳಗೆ ಪ್ಲಾಸ್ಟರು ಉಬ್ಬಿದ್ದರಿಂದ ಮೇಲಿನ ಪದರ ಅಲ್ಲಿ ತೆಳುವಾಗಿತ್ತು, ಕೆಂಪು ತಳದವರೆಗೂ ಇಳಿದಿತ್ತು. ಉಜ್ಜಿದೆ. ಸಣ್ಣದಾಯಿತು. ಇನ್ನೂ ಉಜ್ಜಿದೆ. ಹುಣಸೆಬೀಜದಷ್ಟಾಯಿತು. ಅತ್ತಿಗೆ ನನ್ನ ಮಣಿಕಟ್ಟು ಹಿಡಿದರು.

“ಸಾಕು.”

“ಇನ್ನು ಸ್ವಲ್ಪ ಅತ್ತಿಗೆ. ಪೂರ್ತಿ ಹೋಗ್ತದೆ.”

“ಹೋಗ್ತದೆ. ಅದರ ಕೆಳಗಿರುದು ಆ ನೀಲಿ, ಶ್ರೀಶ. ಅದೂ ಹೋಗ್ತದೆ.”

ನಾನು ಕೈ ತೆಗೆದೆ. ಹುಣಸೆಬೀಜದಷ್ಟು ಕೆಂಪು ಆ ನೀಲಿಯ ಮೇಲೆ ಹಾಗೇ ಉಳಿಯಿತು. ಅವರು ಒದ್ದೆ ಬಟ್ಟೆಯಿಂದ ಹಲಗೆಯನ್ನು ಪೂರ್ತಿ ಒರೆಸಿ, ಕಿಟಕಿಯ ಬೆಳಕಿಗೆ ಓರೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಕೈ ತೊಳೆದುಕೊಂಡರು. ನನಗೆ ಹೋಗು ಎಂದು ಹೇಳಲಿಲ್ಲ. ನಾನೇ ಕೆಳಗಿಳಿದೆ.